ಇವಿ ಕಾರು ಕೊಳ್ಳೋ ಮುಂಚೆ ಪಾರ್ಕಿಂಗ್ ನೋಡಿ: ನಾಸಿಕ್–ಸಂಭಾಜಿನಗರ ಓಡಾಟದ ಲೆಕ್ಕ

ಬೆಂಗಳೂರಿನ ಗೆಳೆಯರು ಫೋನ್ ಮಾಡಿದಾಗಲೆಲ್ಲ ಕೇಳೋದು ಒಂದೇ: "ದಿನಾ ಓಡಾಡೋಕೆ ಇವಿ ಆಗುತ್ತೇನೋ?" ನನ್ನ ಲೆಕ್ಕ ಹೇಳ್ತೀನಿ, ನೀವೇ ನೋಡಿ.

ನಾನಿರೋದು ನಾಸಿಕ್‌ನಲ್ಲಿ. ನನ್ನ ಹೆಂಡತಿಯ ಕೆಲಸ ಛತ್ರಪತಿ ಸಂಭಾಜಿನಗರದ ವಾಳುಜ್ ಕಡೆ. ಹಳೇ ಹೆಸರಲ್ಲಿ ಹೇಳಬೇಕಂದ್ರೆ ಔರಂಗಾಬಾದ್. ಆಫೀಸಿಗೆ ಹೋಗಿಬರೋದು 30 ಕಿ.ಮೀ., ಶುಕ್ರವಾರ ಸಂಜೆ ಮಾತ್ರ ಸುಮಾರು 185 ಕಿ.ಮೀ. ಕಾರಿನ ಬ್ಯಾಟರಿ 40 ಯೂನಿಟ್‌ದು.

ಊರೊಳಗೆ ಏನೂ ತಕರಾರಿಲ್ಲ. 30 ಕಿ.ಮೀ.ಗೆ ಹೆಚ್ಚುಕಡಿಮೆ 4 ಯೂನಿಟ್ ಸಾಕು, 15 ಆಂಪ್ ಸಾಕೆಟ್‌ನಲ್ಲಿ ಒಂದೂಕಾಲು ಗಂಟೆ. ಯೂನಿಟ್‌ಗೆ 10 ರೂಪಾಯಿ ಅಂದುಕೊಂಡ್ರೂ ದಿನಕ್ಕೆ 40. ಹಳೇ ಪೆಟ್ರೋಲ್ ಕಾರು 2 ಲೀಟರ್ ಕುಡೀತಿತ್ತು.

ಹೆದ್ದಾರಿ ಬೇರೆ ಕಥೆ. ಸಮೃದ್ಧಿ ಮಹಾಮಾರ್ಗದಲ್ಲಿ 120ರವರೆಗೆ ಹೋಗಬಹುದು. ಆದ್ರೆ ಗಾಳಿಯ ತಡೆ ವೇಗದ ವರ್ಗದ ಹಾಗೆ ಏರುತ್ತೆ: 80ರಲ್ಲಿ ಇರೋದು 120ರಲ್ಲಿ ಎರಡೂಕಾಲು ಪಟ್ಟು. ನನ್ನ ಕಾರು 80ರಲ್ಲಿ 290 ಕಿ.ಮೀ. ಕೊಟ್ರೆ, 120ರಲ್ಲಿ 210 ದಾಟಲ್ಲ. ಜಾಹೀರಾತಿನ ರೇಂಜ್ ಅಂಕಿ ಇದನ್ನ ಹೇಳಲ್ಲ.

ಕಳೆದ ಮೇ ತಿಂಗಳಲ್ಲಿ ಅಪ್ಪ ಬಂದಿದ್ರು. ನಮ್ಮ ರಾಷ್ಟ್ರಕೂಟರ ಕೃಷ್ಣ ಎಲ್ಲೋರಾದಲ್ಲಿ ಮಾಡಿಸಿದ ಕೈಲಾಸ ದೇವಾಲಯ ನೋಡಬೇಕು ಅಂತ ಅವರಿಗೆ ವರ್ಷಗಳಿಂದ ಆಸೆ. ಹಿಂದಿನ ರಾತ್ರಿ ಚಾರ್ಜ್‌ಗೆ ಹಾಕಿ ಮಲಗಿದೆ. ಬೆಳಿಗ್ಗೆ ನೋಡಿದ್ರೆ 80% ಅಷ್ಟೇ. ಸೊಸೈಟಿಯವರು ಹೇಳಿದ್ರು ಅಂತ ವಾಚ್‌ಮನ್ ಸ್ವಿಚ್ ಆಫ್ ಮಾಡಿದ್ದ. "ಕಾಮನ್ ಮೀಟರ್ ಸಾಹೇಬ್, ನಾನೇನು ಮಾಡ್ಲಿ?" ಅಂದ. ಅವನದೇನೂ ತಪ್ಪಿಲ್ಲ, ಬಿಡಿ.

ಶಿರಡಿ ದಾಟಿದ ಮೇಲೆ ನಂಬಿಕೊಂಡಿದ್ದ ಫಾಸ್ಟ್ ಚಾರ್ಜರ್ ಸತ್ತಿತ್ತು. ಆ್ಯಪ್‌ನಲ್ಲಿ ಮಾತ್ರ ಹಸಿರು! ಉಳಿದಿದ್ದು 32%, ಹೋಗಬೇಕಾದ್ದು 85 ಕಿ.ಮೀ. ಹೊರಗೆ 40 ಡಿಗ್ರಿ ಮೇಲೆ, ಪಕ್ಕದಲ್ಲಿ ಬಿಪಿ ಇರೋ 68ರ ಅಪ್ಪ. ಎಸಿ ಆಫ್ ಮಾಡಿ, ಎಡಗಡೆ ಲೇನ್ ಹಿಡಿದು, ಲಾರಿಗಳ ಹಿಂದೆ 75ರಲ್ಲಿ ಹೋದೆ. ಅಪ್ಪ ಒದ್ದೆ ಟವೆಲ್ ತಲೆ ಮೇಲೆ ಹಾಕ್ಕೊಂಡು ಬಹಳ ಹೊತ್ತು ಸುಮ್ಮನಿದ್ರು. ಆಮೇಲೆ, "ಎಮ್ಮೆ ಕೊಳ್ಳೋ ಮುಂಚೆ ಕೊಟ್ಟಿಗೆ ನೋಡ್ಬೇಕಿತ್ತಲ್ಲೋ" ಅಂದ್ರು. ಮನೆ ಮುಟ್ಟಿದಾಗ 4%. ಅವತ್ತು ಎಲ್ಲೋರಾಕ್ಕೆ ಹೋಗಲಿಲ್ಲ.

ಅಪ್ಪ ಹೇಳಿದ್ದೇ ಸರಿ. ಇದೇ ಸಂಭಾಜಿನಗರದ ಉದ್ಯಮಿಗಳು 2010ರಲ್ಲಿ ಒಟ್ಟಾಗಿ 150 ಮರ್ಸಿಡಿಸ್ ಕೊಂಡು ಸುದ್ದಿಯಾಗಿದ್ರು. 2022ರಲ್ಲಿ ಅದೇ ಊರಿನವರು ಅದೇ ರೀತಿ ಗುಂಪಾಗಿ ಇವಿಗಳನ್ನ ಬುಕ್ ಮಾಡಿದ್ರು. ಬಂಗಲೆಯಲ್ಲೋ ಕಾರ್ಖಾನೆಯಲ್ಲೋ ಸ್ವಂತ ಸಾಕೆಟ್ ಇರೋರಿಗೆ ಅದು ಸುಲಭ. ನಮ್ಮಂಥ ಬಾಡಿಗೆಯವರ ಪಾಡು ಬೇರೆ. ಮನೆ ಮಾಲೀಕರು ಒಪ್ಪಬೇಕು, ಸೊಸೈಟಿ ಎನ್ಒಸಿ ಕೊಡಬೇಕು, ಮೀಟರ್‌ನಿಂದ ಬೇಸ್‌ಮೆಂಟಿಗೆ 40 ಮೀಟರ್ ವೈರ್ ಎಳೀಬೇಕು. ಇಷ್ಟೆಲ್ಲ ಆದ್ಮೇಲೆ ಇಲ್ಲಿನ ಕರಾರು 11 ತಿಂಗಳದ್ದು. ಮನೆ ಬಿಟ್ರೆ ವೈರ್ ಅಲ್ಲೇ! ಈಗಿರೋ ಮನೆಯ ವಿದ್ಯುತ್ ಸಂಪರ್ಕದಿಂದಲೇ ಕಾರು ಚಾರ್ಜ್ ಮಾಡಬಹುದು ಅಂತ ಕೇಂದ್ರದ ಇಂಧನ ಸಚಿವಾಲಯದ 2022ರ ಮಾರ್ಗಸೂಚಿ ಹೇಳುತ್ತೆ. ಅದರ ಪ್ರಿಂಟ್ ಹಿಡ್ಕೊಂಡು ಮೀಟಿಂಗಿಗೆ ಹೋದೆ. ಚಹಾ ಕೊಟ್ಟು ಕಳಿಸಿದ್ರು.

ಹೊರಗಿನ ಫಾಸ್ಟ್ ಚಾರ್ಜರ್ ಮೇಲೇ ಬದುಕ್ತೀನಿ ಅಂದ್ರೆ 18% ಜಿಎಸ್‌ಟಿ ಸೇರಿ ಯೂನಿಟ್‌ಗೆ 20ರ ಮೇಲೆ ಬೀಳುತ್ತೆ ನನಗೆ. ಲಾಭದಲ್ಲಿ ಒಂದಷ್ಟು ಅಲ್ಲೇ ಹೋಯ್ತು.

ಕೊನೆಗೆ ಮನೆ ಬದಲಾಯಿಸಿದೆ. ಬಾಡಿಗೆ 2,500 ಜಾಸ್ತಿ, ಆದ್ರೆ ಪಾರ್ಕಿಂಗ್ ಗೋಡೆಗೆ ನನ್ನದೇ ಮೀಟರಿನ ಸಾಕೆಟ್ ಇದೆ. ಈ ಸಲ ಕರಾರಿನಲ್ಲೇ ಬರೆಸಿಕೊಂಡೆ: ಸಾಕೆಟ್ ಬಳಸೋ ಹಕ್ಕು ಬಾಡಿಗೆದಾರನದ್ದು, ಮನೆ ಬಿಡುವಾಗ ವೈರ್ ಬಿಚ್ಚಿಕೊಂಡು ಹೋಗಬಹುದು. ಈ ಸಾಲು ಬರೆಸಿದ ಮೇಲೇ ಶೋರೂಮಿಗೆ ಹೋಗಿ. ಅಪ್ಪ ದಸರಾ ಆದ್ಮೇಲೆ ಮತ್ತೆ ಬರ್ತಾರಂತೆ, ಕೈಲಾಸ ಇನ್ನೂ ಬಾಕಿ ಇದೆ.