ಮಂಡಿಯ ಕೀಲು ಮತ್ತು ಅದರ ರಕ್ಷಣೆ



ನಾರಾಯಣಪೇಟೆ, ಮಕ್ತಲ, ಗದ್ವಾಲ ಪ್ರಾಂತದ ಮಕ್ಕಳಿಗೆ ಕಬಡ್ಡಿ, ಖೊಖೊ ಆಟಗಳು ಪ್ರಾಣಪ್ರಿಯವಾದವು. ಕಬಡ್ಡಿಯು 1990ರಲ್ಲಿ ಬೀಜಿಂಗಿನ ಏಷ್ಯನ್ ಕ್ರೀಡಾಕೂಟದಲ್ಲಿ ಪದಕದ ಆಟವೂ ಆಯಿತು. ಮಕ್ಕಳು ಆಡಲೇಬೇಕೆಂಬುದು ನಮ್ಮ ಮತ. ಆದರೆ ಓಡುತ್ತ ಥಟ್ಟನೆ ನಿಂತು ತಿರುಗುವ ಈ ಆಟಗಳಲ್ಲಿ ಮಂಡಿಯ ಮೇಲೆ ಬೀಳುವ ಒತ್ತಡ ಬಹಳ. ಅದರ ರಚನೆಯನ್ನು ಅರಿತರೆ ಕಾಪಾಡುವುದು ಸುಲಭ.

ಮಂಡಿಯಲ್ಲಿ ಮೂರು ಎಲುಬುಗಳು ಕೂಡುತ್ತವೆ: ಮೇಲೆ ತೊಡೆಯ ಎಲುಬು, ಕೆಳಗೆ ಕಾಲಿನ ದೊಡ್ಡ ಎಲುಬು, ಮುಂದೆ ಮಂಡಿಚಿಪ್ಪು. ಎಲುಬುಗಳ ತುದಿಗೆ ನುಣುಪಾದ ಮೃದ್ವಸ್ಥಿಯ ಹೊದಿಕೆಯಿದೆ. ನಡುವೆ ಅರ್ಧಚಂದ್ರಾಕಾರದ ಎರಡು ಮೆತ್ತೆಗಳಿವೆ. ತೊಡೆಯೆಲುಬಿನ ದುಂಡು ತುದಿಯು ಬಹುಮಟ್ಟಿಗೆ ಸಮತಟ್ಟಾದ ಎಲುಬಿನ ಮೇಲೆ ಕುಳಿತಿರುವುದರಿಂದ ಎಲುಬುಗಳ ಬಲದಿಂದಲೇ ಈ ಕೀಲು ನಿಲ್ಲಲಾರದು. ಅದನ್ನು ಬಿಗಿದು ಹಿಡಿದಿರುವವು ನಾಲ್ಕು ಮುಖ್ಯ ಅಸ್ಥಿಬಂಧಗಳು. ಪಕ್ಕಗಳಲ್ಲಿ ಒಂದೊಂದು; ಒಳಗೆ ಒಂದನ್ನೊಂದು ಅಡ್ಡ ಹಾಯ್ದ ಎರಡು. ನಾರಾಯಣಪೇಟೆಯ ಮಗ್ಗಗಳನ್ನು ಕಂಡ ಮಕ್ಕಳಿಗೆ ಇದು ಬೇಗ ತಿಳಿದೀತು. ಅನೇಕ ಎಳೆಗಳು ಸೇರಿ ಹುರಿಯಾಗುವಂತೆ ನಾರೆಳೆಗಳು ಸೇರಿ ಅಸ್ಥಿಬಂಧವಾಗಿದೆ. ಎಳೆಗಳು ಜಗ್ಗಿದರೆ ಉಳುಕು. ಕೆಲವು ಹರಿದರೆ ಭಾಗಶಃ ಹರಕು. ಎಲ್ಲವೂ ಹರಿದರೆ ಕೀಲು ಸಡಿಲವಾಗುತ್ತದೆ.

ಪಾದವು ನೆಲದಲ್ಲಿ ಊರಿರುವಾಗ ಮೈ ಮಾತ್ರ ತಿರುಗಿದರೆ ಒಳಗಿನ ಮುಂಬದಿಯ ಬಂಧವು ಹರಿಯಬಹುದು. ಟಪ್ಪೆಂಬ ಶಬ್ದ, ಕೆಲವೇ ಗಂಟೆಗಳಲ್ಲಿ ಬಾವು, ಕಾಲೂರಿದರೆ ಮಂಡಿ ಕುಸಿಯುವುದು, ಇವು ಅದರ ಲಕ್ಷಣಗಳು. ಒಡನೆ ಆಟ ನಿಲ್ಲಿಸಬೇಕು. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು 15ರಿಂದ 20 ನಿಮಿಷ ಇಟ್ಟು, ಎರಡು ಮೂರು ಗಂಟೆಗೊಮ್ಮೆ ಹಾಗೆಯೇ ಮಾಡಬೇಕು. ಅತಿ ಬಿಗಿಯಾಗದಂತೆ ಪಟ್ಟಿ ಕಟ್ಟಿ, ಕಾಲನ್ನು ದಿಂಬಿನ ಮೇಲೆ ಎತ್ತಿಡಬೇಕು. ಮೊದಲ ಎರಡು ಮೂರು ದಿನ ಎಣ್ಣೆ ತಿಕ್ಕುವುದು, ಬಿಸಿ ಶಾಖ ಕೊಡುವುದು, ಎಳೆದು ನೆಟಿಗೆ ಮುರಿಯುವುದು ಸರ್ವಥಾ ಕೂಡದು. ಪಾದ ತಣ್ಣಗಾದರೆ, ಜೋಮು ಹಿಡಿದರೆ ತಕ್ಷಣ ಆಸ್ಪತ್ರೆಗೆ ಒಯ್ಯತಕ್ಕದ್ದು.

ವಿದ್ಯಾರ್ಥಿಗಳೆ, ನಮ್ಮ ಮುಖ್ಯ ಮಾತು ಇದು: ನೋವನ್ನು ಬಚ್ಚಿಡಬೇಡಿರಿ. ತಂಡದಲ್ಲಿ ಸ್ಥಾನ ತಪ್ಪೀತೆಂದು ಕೆಲವರು ಸುಮ್ಮನಿರುವರು. ಕೆಲವು ವಾರಗಳಲ್ಲಿ ಬಾವು ಇಳಿಯುತ್ತದೆ, ಗುಣವಾಯಿತೆಂಬ ಭ್ರಮೆ ಹುಟ್ಟುತ್ತದೆ. ಆದರೆ ಪಕ್ಕದ ಬಂಧಗಳು ಹಲವೊಮ್ಮೆ ವಿಶ್ರಾಂತಿಯಿಂದ ಕೂಡುವಂತೆ, ಪೂರ್ತಿ ಹರಿದ ಒಳಬಂಧವು ತಾನಾಗಿ ಕೂಡುವುದು ವಿರಳ. ಸಡಿಲ ಮಂಡಿಯಲ್ಲಿ ಓಡಿದರೆ ಮೆತ್ತೆಗಳೂ ಹರಿದು, ನಡುವಯಸ್ಸಿಗೇ ಕೀಲು ಸವೆಯಬಹುದು. ಒಂದು ಪಂದ್ಯಕ್ಕಾಗಿ ಬಾಳಿನ ನಡಿಗೆಯನ್ನು ಪಣವಿಡುವುದು ಶೌರ್ಯವಲ್ಲ. ಕುಸ್ತಿಪಟು ವಿನೇಶ್ ಫೋಗಟ್ 2016ರ ರಿಯೊ ಒಲಿಂಪಿಕ್ಸಿನಲ್ಲಿ ಮಂಡಿಗೆ ಪೆಟ್ಟಾಗಿ ಕಣದಿಂದ ಹೊತ್ತೊಯ್ಯಲ್ಪಟ್ಟರು. ಶಸ್ತ್ರಚಿಕಿತ್ಸೆ, ವಿಶ್ರಾಂತಿ, ಕ್ರಮವಾದ ವ್ಯಾಯಾಮಗಳ ಬಳಿಕ 2018ರಲ್ಲಿ ಜಕಾರ್ತದ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನವನ್ನೇ ಗೆದ್ದರು. ತಾಳ್ಮೆಯ ಫಲ ಅಂಥದು.

ಪೋಷಕರೆ, ಬೆಳೆಯುವ ಮಕ್ಕಳ ಎಲುಬಿನ ತುದಿಯಲ್ಲಿ ಬೆಳವಣಿಗೆಯ ಪದರವಿರುತ್ತದೆ. ಅದಕ್ಕಾದ ಪೆಟ್ಟು ಹೊರಗೆ ಉಳುಕಿನಂತೆಯೇ ಕಾಣಬಹುದು. ಅಲಕ್ಷಿಸಿದರೆ ಕಾಲು ಸೊಟ್ಟಾಗುವ ಭಯವುಂಟು. ಎಕ್ಸ್‌ರೇಯಲ್ಲಿ ಎಲುಬು ಸರಿಯಾಗಿ ಕಂಡ ಮಾತ್ರಕ್ಕೆ ನಿಶ್ಚಿಂತರಾಗಬೇಡಿರಿ. ಅಸ್ಥಿಬಂಧವು ಅದರಲ್ಲಿ ಕಾಣುವುದಿಲ್ಲ, ಎಂ.ಆರ್.ಐ. ಬೇಕಾದೀತು. ಮಹಬೂಬನಗರ, ರಾಯಚೂರುಗಳಲ್ಲಿ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಿವೆ. ಅಲ್ಲಿಯ ಮೂಳೆತಜ್ಞರಿಗೆ ತೋರಿಸಿರಿ. ಬಿದ್ದು ಬಂದ ಮಗುವನ್ನು ಗದರಿಸಬೇಡಿರಿ. ಗದರಿಕೆಗೆ ಅಂಜಿದ ಮಗು ಮುಂದಿನ ಸಲ ಹೇಳದು.

ಆಟಕ್ಕೆ ಮುನ್ನ ಹತ್ತು ಹದಿನೈದು ನಿಮಿಷ ಮೈ ಬಿಸಿಮಾಡಿಕೊಳ್ಳಿರಿ. ತೊಡೆಯ ಮಾಂಸಖಂಡಗಳನ್ನು ಬಲಪಡಿಸಿರಿ. ಜಿಗಿದಿಳಿಯುವಾಗ ಮಂಡಿ ಬಾಗಿರಲಿ, ಒಳಕ್ಕೆ ವಾಲದಿರಲಿ. ಹುಡುಗಿಯರಲ್ಲಿ ಈ ಗಾಯ ಹೆಚ್ಚಾಗಿ ಕಾಣುವುದರಿಂದ ಅವರಿಗೆ ಈ ಅಭ್ಯಾಸ ವಿಶೇಷವಾಗಿ ಅಗತ್ಯ.

ಕಾಲು ಗಟ್ಟಿಯಿದ್ದರೆ ಆಟವೂ ಉಂಟು, ಪಾಠವೂ ಉಂಟು. ನಮ್ಮ ಮಕ್ಕಳೆಲ್ಲರೂ ದೃಢಕಾಯರಾಗಿ ಬಾಳಲೆಂದು ಹಾರೈಸಿ ನಮ್ಮ ಮಾತುಗಳನ್ನು ಮುಗಿಸುತ್ತೇವೆ.