ಒಮಾನಿನ ಮರಳಲ್ಲಿ ಕನ್ನಡದ ನಕ್ಷತ್ರ ಪಾಠ

(ಜನವರಿ ಮೊದಲ ವಾರ ಶರ್ಕಿಯಾ ಮರಳುಗಾಡಿನಲ್ಲಿ ಕೆಲವು ಕನ್ನಡ ಕುಟುಂಬಗಳು ಸೇರಿ ಒಂದು ರಾತ್ರಿಯ ಶಿಬಿರ ಮಾಡಿದ್ದೆವು. ರಜೆಗೆ ಬಂದಿದ್ದ ಕಾಲೇಜು ಮಕ್ಕಳಿಗಾಗಿ ಅಲ್ಲಿ ನಾನು ಆಡಿದ ಮಾತುಗಳ ಬರಹರೂಪ ಇದು. ಗೆಳೆಯರು ಒತ್ತಾಯ ಮಾಡಿದ್ದರಿಂದ ಕಳಿಸುತ್ತಿದ್ದೇನೆ.)



ಮೊದಲು ಒಂದು ಕೋರಿಕೆ. ಮೊಬೈಲುಗಳನ್ನು ಜೇಬಿಗೆ ಹಾಕಿ, ಕಾರಿನ ದೀಪ ಆರಿಸಿ. ಕತ್ತಲಿಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು ಇಪ್ಪತ್ತು ನಿಮಿಷವಾದರೂ ಬೇಕು. ಅಷ್ಟರಲ್ಲಿ ನನ್ನದೊಂದು ನಾಚಿಕೆಯ ಕಥೆ ಹೇಳಿಬಿಡುತ್ತೇನೆ.

ನಾನು ಒಮಾನಿಗೆ ಬಂದ ಹೊಸತು. ನಿಜ್ವಾ ಹತ್ತಿರ ರಸ್ತೆ ಕೆಲಸ ನಡೆಯುತ್ತಿತ್ತು. ರಾತ್ರಿ ಪಾಳಿಯಲ್ಲಿ ವಯಸ್ಸಾದ ಒಬ್ಬ ಒಮಾನಿ ಕಾವಲುಗಾರರು ನನ್ನ ಜೊತೆ ಚಹಾ ಕುಡಿಯುತ್ತಾ ಆಕಾಶ ತೋರಿಸಿದರು. "ಅದು ಥುರಯ್ಯಾ. ಅದರ ಹಿಂದೆ ಬರುವುದು ದಬರಾನ್. ನಿಮ್ಮ ಭಾಷೆಯಲ್ಲಿ ಏನನ್ನುತ್ತೀರಿ?" ಎಂದರು. ನಾನು ಠೀವಿಯಿಂದ "ಆಲ್ಡೆಬರಾನ್" ಎಂದೆ. ಅವರು ನಕ್ಕುಬಿಟ್ಟರು. "ಅದು ನಮ್ಮದೇ ಹೆಸರಾಯಿತಲ್ಲ, ನಿನ್ನದು ಹೇಳು" ಎಂದರು. ನನ್ನ ಹತ್ತಿರ ಉತ್ತರವಿರಲಿಲ್ಲ.

ಮರುದಿನ ಕುಂದಾಪುರಕ್ಕೆ ಫೋನ್ ಮಾಡಿ ಅಪ್ಪಯ್ಯನನ್ನು ಕೇಳಿದೆ. "ರೋಹಿಣಿ ಮಳೆ, ಮೃಗಶಿರ ಮಳೆ, ಆರಿದ್ರೆ ಮಳೆ ಎಲ್ಲ ಗೊತ್ತು. ಆಕಾಶದಲ್ಲಿ ಯಾವುದು ಯಾವುದು ಅಂತ ಅಜ್ಜಯ್ಯನಿಗೆ ಗೊತ್ತಿತ್ತು ಮಗಾ. ನಾನು ಕೇಳಿ ಇಟ್ಟುಕೊಳ್ಳಲಿಲ್ಲ" ಎಂದರು.

ಮುಂದಿನ ರಜೆಗೆ ಊರಿಗೆ ಹೋದಾಗ ಜಿ.ಟಿ. ನಾರಾಯಣ ರಾವ್ (1926–2008) ಅವರ 'ನಕ್ಷತ್ರ ವೀಕ್ಷಣೆ' ಪುಸ್ತಕ ತಂದೆ. ಆಗ ಗೊತ್ತಾಯಿತು, ಥುರಯ್ಯಾ ಅಂದರೆ ನಮ್ಮ ಕೃತ್ತಿಕೆ, ದಬರಾನ್ ಅಂದರೆ ನಮ್ಮ ರೋಹಿಣಿ! ನಮ್ಮ ಗದ್ದೆಯ ಮಳೆಗೆ ಹೆಸರು ಕೊಟ್ಟ ನಕ್ಷತ್ರವನ್ನು ನಾನು ಮೊದಲು ಗುರುತಿಸಿದ್ದು ನಿಜ್ವಾದಲ್ಲಿ, ಅದೂ ಅರಬ್ಬಿ ಹೆಸರಿನಿಂದ. ನಿಮಗೆ ಹೀಗಾಗಬಾರದು ಎಂದೇ ಇವತ್ತಿನ ಈ ಪಾಠ.

ಒಂದು ಮುಷ್ಟಿ ಆಕಾಶ

ಈಗ ಉತ್ತರಕ್ಕೆ ತಿರುಗಿ. ಕೈಯನ್ನು ಪೂರ್ತಿ ಮುಂದೆ ಚಾಚಿ ಮುಷ್ಟಿ ಹಿಡಿಯಿರಿ. ಆ ಮುಷ್ಟಿಯ ಅಗಲ ಆಕಾಶದಲ್ಲಿ ಸುಮಾರು 10 ಡಿಗ್ರಿ. ದಿಗಂತದ ಮೇಲೆ ಒಂದು ಮುಷ್ಟಿ, ಅದರ ಮೇಲೆ ಇನ್ನೊಂದು, ಮತ್ತೆ ಸ್ವಲ್ಪ. ಅಲ್ಲಿ ಒಂಟಿಯಾಗಿರುವ ಸಾಧಾರಣ ನಕ್ಷತ್ರವೇ ಧ್ರುವ. ಧ್ರುವ ಎಷ್ಟು ಎತ್ತರದಲ್ಲಿದೆಯೋ ಹೆಚ್ಚುಕಡಿಮೆ ಅಷ್ಟೇ ನೀವು ನಿಂತ ಜಾಗದ ಅಕ್ಷಾಂಶ. ಮಸ್ಕತ್ತಿನಲ್ಲಿ ಅದು ಸುಮಾರು 23.6 ಡಿಗ್ರಿ, ಕುಂದಾಪುರದಲ್ಲಿ 13.6. ಅಂದರೆ ಊರಿಗೆ ಹೋದರೆ ಧ್ರುವ ಸರಿಯಾಗಿ ಒಂದು ಮುಷ್ಟಿ ಕೆಳಗಿಳಿಯುತ್ತಾನೆ.

ಈಗ ದಕ್ಷಿಣಕ್ಕೆ ತಿರುಗಿ. ಸ್ವಲ್ಪ ಪೂರ್ವಕ್ಕೆ ವಾಲಿದಂತೆ, ಒಂದು ಮುಷ್ಟಿಗಿಂತ ತುಸು ಮೇಲೆ ಹೊಳೆಯುತ್ತಿರುವುದು ಅಗಸ್ತ್ಯ. ಒಮಾನಿಗಳ ಸುಹೈಲ್. ಆಗಸ್ಟ್ ಕೊನೆಗೆ ಬೆಳಗಿನ ಜಾವ ಸುಹೈಲ್ ಮತ್ತೆ ಕಂಡರೆ ಬೇಸಿಗೆಯ ಬಿಸಿ ಮುರಿಯಿತು ಎಂದು ಇಲ್ಲಿಯವರ ಲೆಕ್ಕ. ಮಸ್ಕತ್ತಿನಲ್ಲಿ ಅಗಸ್ತ್ಯ ಏರುವುದು ಹೆಚ್ಚೆಂದರೆ 14 ಡಿಗ್ರಿ. ಕುಂದಾಪುರದಲ್ಲಿ 24. ಊರಿಗೆ ಹೋದರೆ ಉತ್ತರದ ಧ್ರುವ ಒಂದು ಮುಷ್ಟಿ ಇಳಿಯುತ್ತಾನೆ, ದಕ್ಷಿಣದ ಅಗಸ್ತ್ಯ ಒಂದು ಮುಷ್ಟಿ ಏರುತ್ತಾನೆ. ಭೂಮಿ ಚಪ್ಪಟೆಯಾಗಿದ್ದರೆ ಇದು ಸಾಧ್ಯವೇ? ಒಂದು ಡಿಗ್ರಿಗೆ 111 ಕಿ.ಮೀ.ಯಂತೆ ಲೆಕ್ಕ ಹಾಕಿ. ನಮ್ಮ ಊರು ಮಸ್ಕತ್ತಿಗಿಂತ ಸುಮಾರು 1,110 ಕಿ.ಮೀ. ದಕ್ಷಿಣಕ್ಕಿದೆ. ಈ ಅಳತೆಗೆ ನಿಮ್ಮ ಕೈಯೇ ಸಾಕಾಯಿತು.

ಅರಬ್ಬಿ ನಾವಿಕರು ಇದನ್ನೇ ಮಾಡುತ್ತಿದ್ದರು. ಅವರ 'ಕಮಾಲ್' ಎಂಬ ಸಾಧನ ಒಂದು ಮರದ ಹಲಗೆ, ಅದರ ನಡುವೆ ಗಂಟು ಹಾಕಿದ ದಾರ. ದಾರವನ್ನು ಹಲ್ಲಲ್ಲಿ ಕಚ್ಚಿ, ಹಲಗೆಯ ಕೆಳ ಅಂಚನ್ನು ದಿಗಂತಕ್ಕೂ ಮೇಲಿನ ಅಂಚನ್ನು ಧ್ರುವಕ್ಕೂ ಹೊಂದಿಸಬೇಕು. ಯಾವ ಗಂಟಿಗೆ ಸರಿಹೊಂದಿತು ಎನ್ನುವುದರಿಂದ ಯಾವ ಬಂದರಿನ ನೇರಕ್ಕೆ ಬಂದೆವು ಎಂದು ತಿಳಿಯುತ್ತಿತ್ತು. ಆಮೇಲೆ ಅದೇ ನೇರದಲ್ಲಿ ಪೂರ್ವಕ್ಕೆ ಹೋದರಾಯಿತು. 1490ರ ಸುಮಾರಿಗೆ ಇಬ್ನ್ ಮಾಜಿದ್ ಎಂಬ ಪ್ರಸಿದ್ಧ ನಾವಿಕ ಈ ವಿದ್ಯೆಯ ಬಗ್ಗೆ ದೊಡ್ಡ ಗ್ರಂಥವನ್ನೇ ಬರೆದ. ಆಗ ಧ್ರುವ ನಕ್ಷತ್ರ ನಿಜವಾದ ಉತ್ತರ ಧ್ರುವದಿಂದ ಸುಮಾರು ಮೂರೂವರೆ ಡಿಗ್ರಿ ದೂರವಿತ್ತು, ಅದನ್ನೂ ಅವರು ಲೆಕ್ಕದಲ್ಲಿ ತಿದ್ದಿಕೊಳ್ಳುತ್ತಿದ್ದರು. ಇಂದು ಆ ಅಂತರ ಒಂದು ಡಿಗ್ರಿಗಿಂತ ಕಡಿಮೆ, ಏಕೆಂದರೆ ಭೂಮಿಯ ಅಕ್ಷವೇ ನಿಧಾನವಾಗಿ ತಿರುಗುತ್ತಿದೆ. 16ನೇ ಶತಮಾನದಲ್ಲಿ ಕುಂದಾಪುರದ ಪಕ್ಕದ ಬಸ್ರೂರಿನ ಅಕ್ಕಿ ಹೋರ್ಮುಜ್‌ವರೆಗೆ ಹೋಗುತ್ತಿತ್ತು. ಆ ಹಡಗುಗಳಿಗೂ ರಾತ್ರಿ ದಾರಿ ತೋರಿದ್ದು ಈ ನಕ್ಷತ್ರಗಳೇ.

ಕಾಣದ ನಕ್ಷತ್ರದ ಮಳೆ

ಈಗ ನೆತ್ತಿ ನೋಡಿ. ಸಣ್ಣ ಗೊಂಚಲಿನಂತೆ ಇರುವುದು ಕೃತ್ತಿಕೆ. ಅದರ ಪೂರ್ವಕ್ಕೆ ಕಿತ್ತಳೆ ಬಣ್ಣದ ರೋಹಿಣಿ. ಕೃತ್ತಿಕೆಯ ಹಿಂದೆಯೇ ಬರುವುದರಿಂದ ಅರಬ್ಬಿಯಲ್ಲಿ 'ಹಿಂಬಾಲಿಸುವವನು', ಅದೇ ದಬರಾನ್.

ಕಳೆದ ವರ್ಷ ನಿಮ್ಮಲ್ಲೇ ಒಬ್ಬಳು ಕೇಳಿದ್ದಳು, "ಅಂಕಲ್, ರೋಹಿಣಿ, ಕೃತ್ತಿಕೆ ಎಲ್ಲ ಜಾತಕದಲ್ಲಿ ಇರುವುದಲ್ಲವೇ? ನಿಜವಾಗಿ ಆಕಾಶದಲ್ಲಿ ಇವೆಯಾ?" ತಪ್ಪು ಅವಳದ್ದಲ್ಲ, ನಮ್ಮದು. ನಾವು ನಿಮಗೆ ನಕ್ಷತ್ರವನ್ನು ಜಾತಕದಲ್ಲಿ ಮಾತ್ರ ತೋರಿಸಿದೆವು. ರೈತರು ಅದನ್ನು ಕ್ಯಾಲೆಂಡರ್ ಆಗಿ ಬಳಸಿದರು.

ಹೇಗೆ ಗೊತ್ತೆ? ಪ್ರತಿ ನಕ್ಷತ್ರವೂ ದಿನಕ್ಕೆ ನಾಲ್ಕು ನಿಮಿಷ ಮೊದಲು ಹುಟ್ಟುತ್ತದೆ. ಭೂಮಿ ಸೂರ್ಯನನ್ನು ಸುತ್ತುತ್ತಿರುವುದರಿಂದ ಹೀಗೆ. ನಾಲ್ಕು ನಿಮಿಷವನ್ನು 365ರಿಂದ ಗುಣಿಸಿ, ಸುಮಾರು 24 ಗಂಟೆ. ಒಂದು ವರ್ಷಕ್ಕೆ ಅದೇ ಆಕಾಶ ಅದೇ ಹೊತ್ತಿಗೆ ವಾಪಸ್. ಈ ದಾರಿಯನ್ನು 27 ಭಾಗ ಮಾಡಿದರೆ ಸೂರ್ಯ ಒಂದೊಂದರಲ್ಲಿ 13–14 ದಿನ ಇರುತ್ತಾನೆ. ಮೇ ಕೊನೆಗೆ ಸೂರ್ಯ ರೋಹಿಣಿಯ ಭಾಗಕ್ಕೆ ಬರುತ್ತಾನೆ. ಆಗ ಬರುವುದು ರೋಹಿಣಿ ಮಳೆ. ತಮಾಷೆ ನೋಡಿ, ಆ ದಿನಗಳಲ್ಲಿ ರೋಹಿಣಿ ಸೂರ್ಯನ ಜೊತೆಗೇ ಹುಟ್ಟಿ ಮುಳುಗುವುದರಿಂದ ಕಾಣುವುದೇ ಇಲ್ಲ! ಕಾಣದ ನಕ್ಷತ್ರ ಎಲ್ಲಿದೆ ಎಂದು ಲೆಕ್ಕ ಹಾಕಿ ಮಳೆಗೆ ಹೆಸರಿಟ್ಟವರು ನಮ್ಮವರು. ನಕ್ಷತ್ರ ಮಳೆ ತರುವುದಿಲ್ಲ, ದಿನ ಹೇಳುತ್ತದೆ ಅಷ್ಟೇ.

ಇಲ್ಲಿಯ ಫಲಜ್ ಕಾಲುವೆಗಳಲ್ಲೂ ಇದೇ ಬುದ್ಧಿ. ನೀರಿನ ಪಾಲನ್ನು ಹಗಲು ಕಂಬದ ನೆರಳಿನಿಂದ, ರಾತ್ರಿ ನಕ್ಷತ್ರ ಹುಟ್ಟಿ ಮುಳುಗುವುದರಿಂದ ಅಳೆಯುತ್ತಿದ್ದರು. ಈಗ ಬಹುಪಾಲು ಕಡೆ ಗಡಿಯಾರ ಬಂದಿದೆ. ನಿಜ್ವಾದ ಫಲಜ್ ದಾರಿಸ್ ಸೇರಿದಂತೆ ಐದು ಫಲಜ್‌ಗಳು 2006ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ನಮ್ಮ ಮಳೆ ನಕ್ಷತ್ರಗಳ ತಿಳಿವಳಿಕೆ ಮಾತ್ರ ಯಾವ ಪಟ್ಟಿಯಲ್ಲೂ ಇಲ್ಲ, ಅಜ್ಜಯ್ಯನ ಜೊತೆಗೇ ಹೋಗುತ್ತಿದೆ.

ಬಣ್ಣ, ದೂರ, ಸಾವು

ನಕ್ಷತ್ರ ಅಂದರೆ ಏನು? ಇನ್ನೊಂದು ಸೂರ್ಯ. ಸೂರ್ಯನ ಒಡಲಲ್ಲಿ ಸುಮಾರು ಒಂದೂವರೆ ಕೋಟಿ ಡಿಗ್ರಿ ಶಾಖ. ಅಲ್ಲಿ ಸೆಕೆಂಡಿಗೆ ಸುಮಾರು 60 ಕೋಟಿ ಟನ್ ಜಲಜನಕ ಬೆಸೆದು ಹೀಲಿಯಂ ಆಗುತ್ತದೆ. ಅದರಲ್ಲಿ ಸುಮಾರು 40 ಲಕ್ಷ ಟನ್ ಬೆಳಕು, ಶಾಖವಾಗಿ ಹೊರಬರುತ್ತದೆ.

ದಕ್ಷಿಣದಲ್ಲಿ ಎತ್ತರದಲ್ಲಿರುವ ಮಹಾವ್ಯಾಧನನ್ನು ನೋಡಿ, ಇಂಗ್ಲಿಷಿನ ಒರಾಯನ್. ನಡುಪಟ್ಟಿಯ ಮೂರು ನಕ್ಷತ್ರ ಎಲ್ಲರಿಗೂ ಗೊತ್ತು. ಮೇಲೆ ಕೆಂಪಗಿರುವುದು ಆರ್ದ್ರೆ, ಕೆಳಗೆ ನೀಲಿ-ಬಿಳಿ ರೈಜೆಲ್. ಕಮ್ಮಾರನ ಕುಲುಮೆ ನೆನೆಯಿರಿ. ಕಬ್ಬಿಣ ಮೊದಲು ಕೆಂಪಾಗುತ್ತದೆ, ಬಿಸಿ ಏರಿದಂತೆ ಬೆಳ್ಳಗಾಗುತ್ತದೆ. ಆರ್ದ್ರೆಯ ಮೈಶಾಖ ಸುಮಾರು 3,500 ಡಿಗ್ರಿ, ಸೂರ್ಯನದು 5,500, ರೈಜೆಲ್‌ನದು 12,000ದ ಆಸುಪಾಸು. ಬಣ್ಣವೇ ಅದರ ಥರ್ಮಾಮೀಟರು.

ದೂರ? ರೋಹಿಣಿ 65 ಬೆಳಕಿನ ವರ್ಷ. ಈಗ ನಿಮ್ಮ ಕಣ್ಣಿಗೆ ಬಿದ್ದ ಬೆಳಕು ಅಲ್ಲಿಂದ ಹೊರಟಾಗ ಒಮಾನಿನಿಂದ ಒಂದು ಹನಿ ಎಣ್ಣೆಯೂ ರಫ್ತಾಗಿರಲಿಲ್ಲ. ಅದು ಶುರುವಾದದ್ದು 1967ರಲ್ಲಿ.

ಎಲ್ಲ ನಕ್ಷತ್ರಗಳ ಆಯಸ್ಸು ಒಂದೇ ಅಲ್ಲ. ದ್ರವ್ಯ ಹೆಚ್ಚಿದ್ದಷ್ಟೂ ಬೇಗ ಉರಿದು ಮುಗಿಯುತ್ತದೆ. ಸೂರ್ಯನಿಗೆ 460 ಕೋಟಿ ವರ್ಷ, ಇನ್ನೂ ನಡುವಯಸ್ಸು. ಆರ್ದ್ರೆ ಹುಟ್ಟಿ ಸುಮಾರು ಒಂದು ಕೋಟಿ ವರ್ಷ, ಆಗಲೇ ಮುಪ್ಪು. ಅದನ್ನು ಸೂರ್ಯನ ಜಾಗದಲ್ಲಿಟ್ಟರೆ ಮಂಗಳನ ಕಕ್ಷೆಯನ್ನೂ ದಾಟುವಷ್ಟು ಊದಿಕೊಂಡಿದೆ. ಒಂದು ದಿನ ಸಿಡಿಯುತ್ತದೆ. 2019ರ ಕೊನೆಗೆ ಅದು ಮಂಕಾದಾಗ ಆ ದಿನ ಬಂತೇ ಎಂದು ಜಗತ್ತೇ ನೋಡುತ್ತಿತ್ತು. ಆಮೇಲೆ ನೋಡಿದರೆ ಅದು ಆರ್ದ್ರೆಯೇ ಉಗುಳಿದ ಧೂಳಿನ ಮರೆ.

ಆಗ್ನೇಯದಲ್ಲಿ ಎಲ್ಲಕ್ಕಿಂತ ಪ್ರಕಾಶವಾಗಿರುವುದು ಲುಬ್ಧಕ. ಅದಕ್ಕೊಂದು ಬರಿಗಣ್ಣಿಗೆ ಕಾಣದ ಜೊತೆಗಾರ ಇದೆ, ಒಂದು ಶ್ವೇತಕುಬ್ಜ. ಸೂರ್ಯನಷ್ಟು ದ್ರವ್ಯ, ಭೂಮಿಯಷ್ಟು ಗಾತ್ರ! 1930ರಲ್ಲಿ ಸುಬ್ರಹ್ಮಣ್ಯನ್ ಚಂದ್ರಶೇಖರ್ ಎಂಬ ಹುಡುಗ ಬೊಂಬಾಯಿಯಲ್ಲಿ ಹಡಗು ಹತ್ತಿ ಓದಲು ಇಂಗ್ಲೆಂಡಿಗೆ ಹೊರಟ. ವಯಸ್ಸು 19, ಇಲ್ಲಿ ಕೂತಿರುವ ನಿಮ್ಮಷ್ಟೇ. ಆ ಪ್ರಯಾಣದಲ್ಲೇ ಲೆಕ್ಕ ಹಾಕುತ್ತಾ, ಶ್ವೇತಕುಬ್ಜದ ದ್ರವ್ಯಕ್ಕೆ ಒಂದು ಮಿತಿ ಇದೆ ಎಂದು ಕಂಡುಕೊಂಡ. ಇಂದಿನ ಲೆಕ್ಕದಲ್ಲಿ ಅದು ಸೂರ್ಯನ ಸುಮಾರು 1.4 ಪಟ್ಟು. ಅದನ್ನು ಮೀರಿದರೆ ಕುಸಿತ ನಿಲ್ಲದು. 1983ರಲ್ಲಿ ಅವರಿಗೆ ನೊಬೆಲ್ ಬಂತು. ಆ ಹಡಗು ದಾಟಿದ್ದು ನಮ್ಮ ಊರಿಗೂ ಈ ಒಮಾನಿಗೂ ನಡುವೆ ಇರುವ ಇದೇ ಅರಬ್ಬಿ ಸಮುದ್ರವನ್ನು.

ಕೊನೆಯ ಮಾತು

ಈ ಮುಕ್ಕಾಲು ಗಂಟೆ ನಾನು ಕನ್ನಡದಲ್ಲೇ ಮಾತಾಡಿದೆ. ಯಾರಿಗಾದರೂ ಅರ್ಥವಾಗದೆ ಹೋಯಿತೇ? ವಿಜ್ಞಾನ ಕನ್ನಡದಲ್ಲಿ ಆಗುವುದಿಲ್ಲ ಎನ್ನುವವರು ನಮ್ಮಲ್ಲೇ ಬಹಳ ಮಂದಿ ಇದ್ದಾರೆ. ಅವರೊಡನೆ ವಾದ ಬೇಡ, ಒಂದು ರಾತ್ರಿ ಅಂಗಳಕ್ಕೆ ಕರೆದು ರೋಹಿಣಿ ತೋರಿಸಿ. ಇಂಗ್ಲಿಷ್ ಹೆಸರುಗಳನ್ನೂ ಕಲಿಯಿರಿ, ಕಾಲೇಜಿಗೆ ಅವು ಬೇಕು. ಆದರೆ ಯಾರಾದರೂ "ನಿಮ್ಮ ಭಾಷೆಯಲ್ಲಿ ಏನನ್ನುತ್ತೀರಿ?" ಎಂದು ಕೇಳಿದರೆ ನನ್ನ ಹಾಗೆ ತಲೆ ತಗ್ಗಿಸಬೇಡಿ.

ಒಂದು ಮನೆಪಾಠ. ಮುಂದಿನ ಸಲ ಊರಿಗೆ ಹೋದಾಗ ಧ್ರುವನನ್ನು ಮುಷ್ಟಿಯಿಂದ ಅಳೆಯಿರಿ. ಅಜ್ಜ ಅಜ್ಜಿ ಇದ್ದರೆ ಮಳೆ ನಕ್ಷತ್ರಗಳ ಹೆಸರು, ಅವುಗಳ ಗಾದೆಗಳನ್ನು ಕೇಳಿ ಕನ್ನಡದಲ್ಲೇ ಬರೆದಿಟ್ಟುಕೊಳ್ಳಿ. ತಪ್ಪಿದ್ದರೂ ಪರವಾಗಿಲ್ಲ, ನನಗೆ ಕಳಿಸಿ, ಕೂತು ತಿದ್ದೋಣ. ನನ್ನ ಅಜ್ಜಯ್ಯನನ್ನು ಕೇಳಲು ನನಗೆ ಅವಕಾಶ ಉಳಿದಿಲ್ಲ. ನಿಮ್ಮಲ್ಲಿ ಕೆಲವರಿಗಾದರೂ ಇದೆ.

ಹನ್ನೊಂದು ಗಂಟೆ ಆಗುತ್ತಾ ಬಂತು. ಅಗಸ್ತ್ಯ ಇನ್ನಷ್ಟು ಮೇಲೆ ಬಂದಿರಬೇಕು, ಮುಷ್ಟಿ ಹಿಡಿದು ನೋಡಿ. ಚಹಾ ಸಿದ್ಧವಾಗಿದೆಯಂತೆ.

ಸಿರಿಗನ್ನಡಂ ಗೆಲ್ಗೆ.