ಮನೆಯ ವಿಸ್ತರಣೆ ಮತ್ತು ನೆರೆಯವರ ಹಕ್ಕು





ನಮ್ಮ ಪಟ್ಟಣಗಳಲ್ಲಿ ಮನೆಗಳು ಬೆಳೆಯುತ್ತಿವೆ. ಮಗನ ಮದುವೆ ನಿಶ್ಚಯವಾದರೆ ಒಂದು ಕೋಣೆ ಬೇಕಾಗುತ್ತದೆ. ಕೊಲ್ಲಿ ರಾಷ್ಟ್ರದಲ್ಲಿ ದುಡಿದವನ ಉಳಿತಾಯ ಕೈಸೇರಿದರೆ ಮೇಲೊಂದು ಮಹಡಿ ಏಳುತ್ತದೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಇರುವುದು ನಾಲ್ಕೈದು ಸೆಂಟ್ಸ್ ಜಾಗ. ಆಗ ನಮ್ಮ ಕಣ್ಣು ಬೀಳುವುದು ಮನೆಗೂ ಆವರಣ ಗೋಡೆಗೂ ನಡುವೆ ಉಳಿದಿರುವ ಕೆಲವು ಅಡಿಗಳ ಮೇಲೆ. ‘ಜಾಗ ನಮ್ಮದು, ಹಣ ನಮ್ಮದು, ಕೇಳಲು ಇವರು ಯಾರು?’ ಎಂಬ ಮಾತು ಅಲ್ಲಿಂದಲೇ ಹುಟ್ಟುತ್ತದೆ.

ಕೇಳುವ ಹಕ್ಕು ನೆರೆಯವರಿಗೆ ಇದೆ. ಆ ಖಾಲಿ ಜಾಗವನ್ನು ಕಾನೂನು ಸೆಟ್‌ಬ್ಯಾಕ್ ಎನ್ನುತ್ತದೆ. ಎಷ್ಟು ಬಿಡಬೇಕೆಂಬುದು ನಿವೇಶನದ ಅಳತೆ, ಕಟ್ಟಡದ ಎತ್ತರ ಮತ್ತು ಆಯಾ ಊರಿನ ವಲಯ ನಿಯಮಗಳಿಗೆ ಅನುಸಾರವಾಗಿರುತ್ತದೆ. ಉದ್ದೇಶ ಮಾತ್ರ ಒಂದೇ. ಎರಡೂ ಮನೆಗಳಿಗೆ ಗಾಳಿ-ಬೆಳಕು ದೊರೆಯಬೇಕು, ಬೆಂಕಿ ಬಿದ್ದರೆ ಹಬ್ಬಬಾರದು, ಗೋಡೆಯ ದುರಸ್ತಿಗೆ ಒಬ್ಬ ಮನುಷ್ಯ ನಿಲ್ಲುವಷ್ಟು ಸ್ಥಳವಿರಬೇಕು. ಅಂದರೆ ಆ ಜಾಗದ ಒಡೆತನ ನಮ್ಮದಾದರೂ ಅದರ ಗಾಳಿಯಲ್ಲಿ ನೆರೆಯವರಿಗೂ ಪಾಲಿದೆ.

1882ರ ಭಾರತೀಯ ಅನುಭೋಗ ಹಕ್ಕುಗಳ ಕಾಯ್ದೆಯು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಒಂದು ಕಿಟಕಿಗೆ 20 ವರ್ಷಗಳ ಕಾಲ ಹಕ್ಕಿನಿಂದ, ಶಾಂತವಾಗಿ, ಅಡೆತಡೆಯಿಲ್ಲದೆ ಬೆಳಕು ಬಂದಿದ್ದರೆ ಅದು ಆ ಮನೆಯವರ ಹಕ್ಕಾಗುತ್ತದೆ. ನಾವು ಗೋಡೆ ಎಬ್ಬಿಸಿ ಅವರಿಗೆ ಗಣನೀಯ ಹಾನಿಯುಂಟುಮಾಡಿದರೆ ಅವರು ನ್ಯಾಯಾಲಯದ ಮೆಟ್ಟಿಲೇರಬಹುದು.

ಆದರೆ ಕಾನೂನಿನ ಭಯವೊಂದೇ ನಮ್ಮನ್ನು ತಡೆಯಬೇಕೇ? ಅನ್ಯಾಯವಾಗಿ ಒಂದು ಗೇಣು ಭೂಮಿಯನ್ನು ಕಬಳಿಸಿದವನ ಪರಲೋಕದ ಸ್ಥಿತಿಯ ಕುರಿತು ಪ್ರವಾದಿ(ಸ)ಯವರು ನೀಡಿದ ಎಚ್ಚರಿಕೆ ನಮಗೆಲ್ಲರಿಗೂ ತಿಳಿದಿದೆ. ನೆರೆಯವನು ತನ್ನ ತೊಲೆಯನ್ನು ನಮ್ಮ ಗೋಡೆಗೆ ಊರಲು ಬಂದರೆ ತಡೆಯಬಾರದೆಂದೂ ಅವರು ಬೋಧಿಸಿದ್ದಾರೆ. ಇದು ಕಡ್ಡಾಯವೇ ಅಥವಾ ಔದಾರ್ಯವೇ ಎಂಬುದರಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿದೆ. ಆದರೆ ಅದರ ಆಶಯದಲ್ಲಿ ಯಾರಿಗೂ ಸಂದೇಹವಿಲ್ಲ. ನಮ್ಮ ಗೋಡೆಯನ್ನೇ ಹಂಚಿಕೊಳ್ಳಿರೆಂದು ಕಲಿಸಿದ ಧರ್ಮದ ಅನುಯಾಯಿಗಳು ನೆರೆಯವರ ಬೆಳಕನ್ನು ಕಸಿಯುವುದೆಂದರೆ ಏನರ್ಥ? ಪೆರ್ನಾಳಿಗೆ ಬಿರಿಯಾನಿ ಕಳುಹಿಸಿ, ಮರುದಿನ ಅದೇ ಮನೆಯ ಅಡುಗೆಕೋಣೆಯ ಕಿಟಕಿಗೆ ಅಡ್ಡವಾಗಿ ಗೋಡೆ ಎಬ್ಬಿಸಿದರೆ ಆ ಬಿರಿಯಾನಿಗೆ ರುಚಿಯಿರುತ್ತದೆಯೇ?

ನೆರೆಯವರು ಬೇರೆ ಧರ್ಮದವರಾಗಿದ್ದರೆ ನಮ್ಮ ಹೊಣೆ ಇನ್ನಷ್ಟು ಹೆಚ್ಚುತ್ತದೆ. ಒಂದಡಿ ಜಾಗದ ತಕರಾರಿಗೆ ಕೋಮಿನ ಬಣ್ಣ ಬಳಿಯಲು ಕಾಯುತ್ತಿರುವವರಿಗೆ ಇಂದು ಬರವಿಲ್ಲ. ಅವರ ಕೈಗೆ ಕಲ್ಲನ್ನು ನಾವೇ ಏಕೆ ಕೊಡಬೇಕು?

‘ಈಗ ಕಟ್ಟೋಣ, ಮುಂದೆ ಸಕ್ರಮವಾಗುತ್ತದೆ’ ಎಂಬ ನಂಬಿಕೆಯೂ ನಮ್ಮಲ್ಲಿದೆ. ಕರ್ನಾಟಕದ ಅಕ್ರಮ-ಸಕ್ರಮ ಯೋಜನೆಯು ವಾಸದ ಕಟ್ಟಡಗಳಲ್ಲಿ ಶೇ. 50ರವರೆಗಿನ ಉಲ್ಲಂಘನೆಯನ್ನು ದಂಡ ಕಟ್ಟಿಸಿಕೊಂಡು ಮನ್ನಿಸಲು ಹೊರಟಿತ್ತು. 2016ರ ಡಿಸೆಂಬರ್‌ನಲ್ಲಿ ರಾಜ್ಯ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಮರುತಿಂಗಳೇ, ಅಂದರೆ 2017ರ ಜನವರಿಯಲ್ಲಿ, ಸುಪ್ರೀಮ್ ಕೋರ್ಟ್ ತಡೆಯಾಜ್ಞೆ ನೀಡಿತು. 2024ರ ಡಿಸೆಂಬರ್‌ನಲ್ಲಿ ಮೀರತ್‌ನ ಪ್ರಕರಣವೊಂದರಲ್ಲಿ ಅದೇ ನ್ಯಾಯಾಲಯವು, ಕಾಲ ಕಳೆಯಿತೆಂದೋ ಹಣ ಸುರಿದೆವೆಂದೋ ಅಕ್ರಮ ನಿರ್ಮಾಣವನ್ನು ಸಮರ್ಥಿಸಲಾಗದೆಂದು ಸ್ಪಷ್ಟಪಡಿಸಿತು. ಇನ್ನು, ಸರಕಾರಕ್ಕೆ ದಂಡ ಕಟ್ಟಿದ ಮಾತ್ರಕ್ಕೆ ನೆರೆಯವರಿಗೆ ಬೆಳಕು ಮರಳಿ ದೊರೆಯುವುದೇ?

ಬುಲ್ಡೋಜರ್ ರಾಜಕೀಯದ ಸಂಕಟವನ್ನು ನಾವು ಕಂಡಿದ್ದೇವೆ. ಆರೋಪಿಯೆಂಬ ಕಾರಣಕ್ಕೆ ಮನೆ ಕೆಡವುವುದು ಸಂವಿಧಾನಬಾಹಿರವೆಂದು ಸುಪ್ರೀಮ್ ಕೋರ್ಟ್ 2024ರ ನವೆಂಬರ್ 13ರಂದು ತೀರ್ಪಿತ್ತಿತು. ಕೆಡಹುವ ಮುನ್ನ ಕನಿಷ್ಠ 15 ದಿನಗಳ ನೋಟೀಸು ನೀಡಬೇಕೆಂದೂ ವಿಧಿಸಿತು. ಅನ್ಯಾಯದ ವಿರುದ್ಧ ಈ ರಕ್ಷಣೆ ಅಮೂಲ್ಯ. ಆದರೆ ನಮ್ಮ ನಕ್ಷೆಯೇ ಒಂದು, ಕಟ್ಟಡವೇ ಇನ್ನೊಂದಾಗಿದ್ದರೆ ಆ ನೋಟೀಸಿಗೆ ನಾವು ಏನೆಂದು ಉತ್ತರಿಸುವೆವು?

ಆದ್ದರಿಂದ ಕೆಲವು ಸಂಗತಿಗಳನ್ನು ರೂಢಿಸಿಕೊಳ್ಳೋಣ. ಅಡಿಪಾಯ ತೋಡುವ ಮುನ್ನ ಉಭಯತ್ರರ ಸಮ್ಮುಖದಲ್ಲಿ ಸರ್ವೆ ಮಾಡಿಸಿ ಗಡಿ ಗುರುತಿಸೋಣ. ನಕ್ಷೆಗೆ ನಗರಸಭೆಯ ಅನುಮತಿ ಪಡೆದು, ಅದನ್ನು ನೆರೆಯವರಿಗೂ ತೋರಿಸೋಣ. ಸಜ್ಜಾ ಗಡಿ ದಾಟದಿರಲಿ. ನಮ್ಮ ಶೀಟಿನ ಮಳೆನೀರು ನಮ್ಮ ಅಂಗಳಕ್ಕೇ ಇಳಿಯಲಿ. ಶೌಚದ ಗುಂಡಿ ನೆರೆಯವರ ಬಾವಿಯಿಂದ ದೂರವಿರಲಿ. ಹೊಸ ಕಿಟಕಿ ಅವರ ಮನೆಯ ಹೆಂಗಸರ ಖಾಸಗಿತನಕ್ಕೆ ಭಂಗ ತರದಿರಲಿ. ಈಗಾಗಲೇ ತಪ್ಪಾಗಿದ್ದರೆ ದೂರು ಬರುವವರೆಗೆ ಕಾಯದೆ ನಾವೇ ಹೋಗಿ ಮಾತಾಡೋಣ, ತೆಗೆಯಬಹುದಾದುದನ್ನು ತೆಗೆಯೋಣ.

ಜಮಾಅತ್‌ಗಳ ಹೊಣೆಗಾರರಿಗೂ ಒಂದು ಮಾತು. ಮಸೀದಿ, ಮದ್ರಸಗಳ ವಿಸ್ತರಣೆಗೂ ಇದೇ ಅಳತೆಗೋಲು ಅನ್ವಯಿಸುತ್ತದೆ. ಪರರ ಹಕ್ಕಿನ ಮೇಲೆ ನಿಂತ ಗೋಡೆ ಆರಾಧನಾಲಯದ್ದಾದರೂ ಅನ್ಯಾಯದ ಗೋಡೆಯೇ.

ಕಟ್ಟುವ ಮುನ್ನ ಒಮ್ಮೆ ನೆರೆಯವರ ಅಡುಗೆಕೋಣೆಯಲ್ಲಿ ನಿಂತು ಆ ಗೋಡೆಯನ್ನು ಊಹಿಸಿಕೊಳ್ಳೋಣ. ಅಲ್ಲಿ ಹಗಲಲ್ಲೇ ದೀಪ ಉರಿಸಬೇಕಾದೀತೆಂದು ಕಂಡರೆ ನಮ್ಮ ಗೋಡೆಯನ್ನು ಹಿಂದಕ್ಕೆ ಸರಿಸೋಣ. ನಮ್ಮ ಕೋಣೆ ಎರಡಡಿ ಕಿರಿದಾದರೂ ನೆರೆಕರೆಯವರ ಮನದಲ್ಲಿ ನಮ್ಮ ಸ್ಥಾನ ಕಿರಿದಾಗದಿರಲಿ. ಅಲ್ಲಾಹನು ಅನುಗ್ರಹಿಸಲಿ.